ಜೂನ್ ಒಂದರ ಜನ್ಮದಿನ: ಪೋಕ್ಸೋ ವಿಚಾರಣೆಯೊಂದರಲ್ಲಿ ವಯಸ್ಸಿನ ಬೆನ್ನುಹತ್ತಿದ ನನ್ನ ಅನುಭವ

ಹುಡುಗ-ಹುಡುಗಿ ಪ್ರೀತಿಸಿ ಊರು ಬಿಟ್ಟು ಹೋಗಿ, ಹುಡುಗನ ಮೇಲೆ ಪೋಕ್ಸೋ (ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಕಾಯ್ದೆ) ಪ್ರಕರಣ ದಾಖಲಾದಾಗ ಆರೋಪಿಯ ಪರ ವಕಾಲತ್ತು ಹಾಕಿದವರಿಗೆ ನಮ್ಮ ಬಾರ್ ರೂಮಿನಲ್ಲಿ ಸಿಗುವ ಸಲಹೆಗಳು ಮೂರೇ. ಹುಡುಗಿಯ ಮನೆಯವರೊಡನೆ ರಾಜಿ ಮಾಡಿಸುವುದು, ಆಗದಿದ್ದರೆ ಮದುವೆ ಮಾಡಿಸುವುದು, ಅದೂ ಆಗದಿದ್ದರೆ ಉಚ್ಚ ನ್ಯಾಯಾಲಯದ ಧಾರವಾಡ ಪೀಠದ ಮುಂದೆ ಪ್ರಕರಣ ರದ್ದತಿಗೆ ಅರ್ಜಿ ಹಾಕುವುದು. ಈ ಮೂರನ್ನೂ ಬಿಟ್ಟು ನಾನು ಹುಡುಗಿ ಹುಟ್ಟಿದ ದಿನಾಂಕವನ್ನೇ ಪ್ರಶ್ನಿಸಲು ಹೊರಟಾಗ, ನನಗೆ ಕೆಲಸ ಕಲಿಸಿದ ಹಿರಿಯರೇ ನಕ್ಕರು. "ತಂಗೀ, ಹೆಡ್‌ಮಾಸ್ತರ ಬಂದು ರಿಜಿಸ್ಟರ್ ತೆರೆದ ಮ್ಯಾಲೆ ನೀ ಏನ್ ಕೇಳಾಕಿ?" ಎಂದರು. ಆ ಪ್ರಕರಣದಲ್ಲಿ 2023ರ ಕೊನೆಗೆ ಬಿಡುಗಡೆಯ ತೀರ್ಪು ಬಂತು. ಅಂದಿನಿಂದ ಕಿರಿಯರು ಬಂದು ಹೇಗೆ ಮಾಡಿದಿರೆಂದು ಕೇಳುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ. ಸಂತ್ರಸ್ತೆಯ ಗುರುತು ಬಹಿರಂಗವಾಗಬಾರದೆಂಬ ಕಾಯ್ದೆಯ 23ನೇ ಕಲಂ ಇರುವುದರಿಂದ ಹೆಸರು, ಊರು, ಠಾಣೆ ಯಾವುದನ್ನೂ ಹೇಳುವುದಿಲ್ಲ. ಮೊತ್ತಗಳೂ ತಿಂಗಳುಗಳೂ ನೆನಪಿನಿಂದ ಬರೆದವು.

ಮೊದಲು ನಾನು ಸೋತ ಪ್ರಕರಣವನ್ನು ಹೇಳಬೇಕು, ಏಕೆಂದರೆ ಈ ದಾರಿಗೆ ಬಂದದ್ದೇ ಆ ಸೋಲಿನಿಂದ. 2018ರ ಆಸುಪಾಸಿನಲ್ಲಿ ಬಂದ ಒಂದು ಪ್ರಕರಣದಲ್ಲಿ ಹುಡುಗಿಗೆ ಹದಿನಾರು ದಾಟಿತ್ತು, ಹುಡುಗನಿಗೆ ಇಪ್ಪತ್ತೊಂದು. ಹಿರಿಯರು ಪಂಚಾಯಿತಿ ಕೂಡಿಸಿ, ಹುಡುಗ ಜಾಮೀನಿನ ಮೇಲೆ ಹೊರಬಂದ ತಿಂಗಳೊಳಗೆ ಗುಡಿಯಲ್ಲಿ ತಾಳಿ ಕಟ್ಟಿಸಿದರು. ನಾನೂ ಸುಮ್ಮನಿದ್ದೆ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಹುಡುಗಿ ಮಗುವನ್ನೆತ್ತಿಕೊಂಡು ಕಟಕಟೆಗೆ ಬಂದು ಇವನು ನನ್ನ ಗಂಡ ಎಂದಳು, ತಂದೆ-ತಾಯಿ ಪ್ರತಿಕೂಲ ಸಾಕ್ಷಿಗಳಾದರು, ಗೆದ್ದೆವೆಂದುಕೊಂಡೆ. ಆದರೆ ಕಡತದಲ್ಲಿ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಇತ್ತು, ಡಿಎನ್‌ಎ ವರದಿ ಇತ್ತು. ಕರ್ನಾಟಕದಲ್ಲಿ 2016ರ ತಿದ್ದುಪಡಿಯ ನಂತರ ಬಾಲ್ಯವಿವಾಹವು ಮೊದಲಿನಿಂದಲೇ ಅನೂರ್ಜಿತ. 2017ರ ಅಕ್ಟೋಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಹದಿನೆಂಟರೊಳಗಿನ ಹೆಂಡತಿಯ ವಿಷಯದಲ್ಲಿ ಗಂಡನಿಗಿದ್ದ ವಿನಾಯಿತಿಯನ್ನು ತೆಗೆದುಹಾಕುವಾಗ ನಮ್ಮ ರಾಜ್ಯದ ಈ ತಿದ್ದುಪಡಿಯನ್ನೇ ಹೊಗಳಿತ್ತು. ಹೀಗಾಗಿ ನಾವು ರಕ್ಷಣೆಗೆಂದು ಮಾಡಿಸಿದ ಮದುವೆಯೇ ನಮ್ಮ ವಿರುದ್ಧದ ಸಾಕ್ಷ್ಯವಾಯಿತು. ಹತ್ತು ವರ್ಷ ಶಿಕ್ಷೆಯಾಯಿತು. 2019ರ ಆಗಸ್ಟ್‌ನ ತಿದ್ದುಪಡಿಯ ನಂತರ, ಆ ಶಿಕ್ಷೆ ಕೊಟ್ಟ ಪೋಕ್ಸೋದ ಅದೇ 6ನೇ ಕಲಮಿಗೆ ಕನಿಷ್ಠವೇ ಇಪ್ಪತ್ತು ವರ್ಷ.

ಆ ತೀರ್ಪಿನ ಪ್ರತಿಯನ್ನು ಹಲವು ಸಲ ಓದಿದಾಗ ಹೊಳೆದದ್ದು ಇಷ್ಟು. ಸಂತ್ರಸ್ತೆ ಹದಿನೆಂಟರೊಳಗಿನವಳಾದರೆ ಸಮ್ಮತಿಯ ಮಾತಿಗೆ ಬೆಲೆಯೇ ಇಲ್ಲದಿರುವುದರಿಂದ, ನಾವು ಕೇಳುವ ನೂರು ಪ್ರಶ್ನೆಗಳಲ್ಲಿ ತೊಂಬತ್ತು ಪ್ರಶ್ನೆಗಳು ವ್ಯರ್ಥ. ಆರೋಪಿ ಅಪರಾಧ ಮಾಡಿದ್ದಾನೆಂದೇ ನ್ಯಾಯಾಲಯ ಭಾವಿಸಬೇಕೆನ್ನುವ 29ನೇ ಕಲಮಿನ ಪೂರ್ವಭಾವನೆಗೆ ನಾವೆಲ್ಲ ಹೆದರುತ್ತೇವೆ. ಆದರೆ ಅದು ಹುಟ್ಟಬೇಕಾದರೆ ಮೂಲ ಸಂಗತಿಗಳನ್ನು ಅಭಿಯೋಜನೆಯೇ (ಸರ್ಕಾರದ ಪಕ್ಷವೇ) ರುಜುವಾತುಪಡಿಸಬೇಕು, ಮತ್ತು ಆ ಮೂಲ ಸಂಗತಿಗಳಲ್ಲಿ ಮೊದಲನೆಯದೇ ಆಕೆ 'ಮಗು' ಎಂಬುದು. ಹಾಗಿದ್ದೂ ನಮ್ಮಲ್ಲಿ ಮುಖ್ಯೋಪಾಧ್ಯಾಯರ ಪಾಟೀಸವಾಲು ಸಾಮಾನ್ಯವಾಗಿ ಎರಡು ಸಾಲಿನಲ್ಲಿ ಮುಗಿಯುತ್ತದೆ.

ಎರಡನೆಯ ಪ್ರಕರಣ ಬಂದದ್ದು 2019ರ ನವೆಂಬರ್ ಕೊನೆಗೆ. ಹುಡುಗನಿಗೆ ಇಪ್ಪತ್ತು, ಗೌಂಡಿ ಕೆಲಸ. ಹುಡುಗಿ ಎಂಟನೆಯ ತರಗತಿಗೆ ಶಾಲೆ ಬಿಟ್ಟವಳು. ಇಬ್ಬರೂ ಹನ್ನೊಂದು ದಿನ ಗೋವೆಯಲ್ಲಿದ್ದು, ಹಣ ಮುಗಿದು ಮರಳಿದ್ದರು. ತಂದೆಯ ದೂರಿನ ಮೇಲೆ ಮೊದಲು ಅಪಹರಣದ ಎಫ್‌ಐಆರ್ ಆಗಿ, ವೈದ್ಯಕೀಯ ತಪಾಸಣೆಯ ನಂತರ ಪೋಕ್ಸೋ 6 ಮತ್ತು ಭಾರತೀಯ ದಂಡ ಸಂಹಿತೆಯ 376(2)(ಎನ್), ಅಂದರೆ ಒಬ್ಬಳ ಮೇಲೆಯೇ ಪದೇಪದೇ ಅತ್ಯಾಚಾರದ ಕಲಂ, ಸೇರಿದವು. ಶಾಲಾ ವರ್ಗಾವಣೆ ಪತ್ರದ ಪ್ರಕಾರ ಹುಟ್ಟಿದ ದಿನಾಂಕ 1-6-2002, ಅಂದರೆ ಹದಿನೇಳು ವರ್ಷ ಐದು ತಿಂಗಳು. ಆರೋಪದ ಕೃತ್ಯಗಳೆಲ್ಲ ಆ ಹನ್ನೊಂದು ದಿನಗಳೊಳಗಿನವು ಎಂಬುದು ಮುಂದೆ ಬಹಳ ಮುಖ್ಯವಾಯಿತು.

ಜಾಮೀನು ವಿಶೇಷ ನ್ಯಾಯಾಲಯದಲ್ಲಿ ತಿರಸ್ಕೃತವಾಯಿತು. ಉಚ್ಚ ನ್ಯಾಯಾಲಯದಲ್ಲಿ ಅದು ಸಿಗುವ ಹೊತ್ತಿಗೆ ಲಾಕ್‌ಡೌನ್ ಬಂದು, ಹುಡುಗ ಒಟ್ಟು ಏಳು ತಿಂಗಳು ಒಳಗಿದ್ದ. ಧಾರವಾಡದ ವಕೀಲರಿಗೆ ನಲವತ್ತು ಸಾವಿರ ಕೊಟ್ಟೆವು. ಒಂದು ಲಕ್ಷದ ಬಾಂಡು, ಇಬ್ಬರು ಜಾಮೀನುದಾರರು. ಪಹಣಿ ಹಿಡಿದುಕೊಂಡು ಬಂದ ಆ ಇಬ್ಬರೂ ತಲಾ ಐದು ಸಾವಿರ ಕೇಳಿದರು. ತಂದೆ ಎತ್ತಿನ ಜೋಡಿಯನ್ನು ಎಪ್ಪತ್ತು ಸಾವಿರಕ್ಕೋ ಎಪ್ಪತ್ತೆರಡಕ್ಕೋ ಮಾರಿದ. ನನ್ನ ಫೀಸು ಅರವತ್ತು ಸಾವಿರಕ್ಕೆ ಮಾತಾಗಿತ್ತು, ಇಂದಿನವರೆಗೆ ಬಂದದ್ದು ಮೂವತ್ತೈದು. ಬಂಧನದಲ್ಲಿರುವವರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆಂದು ನಾನೇ ಮೊದಲ ದಿನ ಹೇಳಿದ್ದೆ. "ಪುಕ್ಕಟೆ ವಕೀಲರು ಬ್ಯಾಡ್ರೀ ಅಕ್ಕಾರ" ಎಂದು ಆತನೇ ಕೈಮುಗಿದ.

ಆರೋಪ ಹೊರಿಸುವ ಹಂತದಲ್ಲಿ ನಾನು ಆತುರಪಟ್ಟೆ. ಅಂಗನವಾಡಿಯ ದಾಖಲೆಗಳನ್ನು ತರಿಸಬೇಕೆಂದು ದಂಡ ಪ್ರಕ್ರಿಯಾ ಸಂಹಿತೆಯ 91ರ ಅಡಿಯಲ್ಲಿ ಅರ್ಜಿ ಹಾಕಿದೆ. ಆ ಹಂತದಲ್ಲಿ ಆರೋಪಿಯು ತನ್ನ ದಾಖಲೆ ಹಾಜರುಪಡಿಸುವ ಹಕ್ಕು ಕೇಳುವಂತಿಲ್ಲ ಎಂದು ದೇವೇಂದ್ರನಾಥ ಪಾಧಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿರುವುದು ಗೊತ್ತಿದ್ದೂ ಹಾಕಿದ್ದೆ, ಎರಡೇ ಸಾಲಿನಲ್ಲಿ ವಜಾ ಆಯಿತು. ನಷ್ಟವಾದದ್ದು ಅರ್ಜಿಯಲ್ಲ, ನನ್ನ ದಾರಿ ಯಾವುದೆಂದು ಅಭಿಯೋಜಕರಿಗೆ ಮೊದಲೇ ತಿಳಿದುಹೋದದ್ದು. ಅದರ ಜಾಗಕ್ಕೆ ಬಂದ ಈಗಿನ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಆ ಕಲಮಿನ ಸಂಖ್ಯೆ 94. ವಯೋನಿರ್ಣಯದ ಬಾಲನ್ಯಾಯ ಕಾಯ್ದೆಯ ಕಲಮೂ 94. ಕಿರಿಯರು ಅರ್ಜಿಯ ತಲೆಬರಹದಲ್ಲಿ ಎರಡನ್ನೂ ಕಲಸಿಬಿಡುವುದನ್ನು ಈಗಾಗಲೇ ಕಂಡಿದ್ದೇನೆ.

ಆಧಾರ್ ಕಾರ್ಡನ್ನೂ ಹಿಡಿದು ನೋಡಿದೆ. ಅದರಲ್ಲಿ ಜನವರಿ 1 ಎಂದಿತ್ತು, ವರ್ಷವೂ ಬೇರೆ. ನ್ಯಾಯಾಧೀಶರು ನೋಡಿ ಹಿಂದಿರುಗಿಸಿದರು. ಎಲುಬಿನ ಎಕ್ಸ್‌ರೇ ಪರೀಕ್ಷೆಯನ್ನು ಅದೇ ಸಮಯದ ಇನ್ನೊಂದು ಪ್ರಕರಣದಲ್ಲಿ ಪ್ರಯೋಗಕ್ಕೆಂಬಂತೆ ಕೇಳಿದ್ದೆ. ಎರಡು ತಿಂಗಳು ಅಲೆದಾಡಿದ ಮೇಲೆ "ಹದಿನೇಳರಿಂದ ಹತ್ತೊಂಬತ್ತರ ನಡುವೆ" ಎಂಬ ವರದಿ ಬಂತು. ಇಂಥ ಪರೀಕ್ಷೆಯಲ್ಲಿ ಎರಡು ವರ್ಷ ಹೆಚ್ಚುಕಡಿಮೆ ಆಗಬಹುದೆಂದ ಸರ್ವೋಚ್ಚ ನ್ಯಾಯಾಲಯದ ಜಯಮಾಲಾ ಪ್ರಕರಣವನ್ನು ಮುಂದಿಟ್ಟು ವಾದಿಸಿದೆ. ಆದರೆ ಬಾಲನ್ಯಾಯ ಕಾಯ್ದೆಯ 94(2)ರಲ್ಲಿ ಕ್ರಮವಿದೆ: ಮೊದಲು ಶಾಲೆಯ ಜನ್ಮದಿನಾಂಕ ಪ್ರಮಾಣಪತ್ರ ಅಥವಾ ಮಂಡಳಿಯ ಅಂಕಪಟ್ಟಿ, ಅದಿಲ್ಲದಿದ್ದರೆ ಸ್ಥಳೀಯ ಸಂಸ್ಥೆಯ ಜನನ ಪ್ರಮಾಣಪತ್ರ, ಎರಡೂ ಇಲ್ಲದಿದ್ದರೆ ಮಾತ್ರ ವೈದ್ಯಕೀಯ ಪರೀಕ್ಷೆ. ಅಲ್ಲಿ ಅಂಕಪಟ್ಟಿ ಇದ್ದುದರಿಂದ ವರದಿಯನ್ನು ಯಾರೂ ಓದಲಿಲ್ಲ.

ಗಟ್ಟಿಯಾದ ಎಳೆ ಸಿಕ್ಕಿದ್ದು 2021ರ ಫೆಬ್ರುವರಿಯಲ್ಲಿ, ಹುಡುಗಿಯ ತಾಯಿಯ ಪಾಟೀಸವಾಲಿನಲ್ಲಿ. ಅದಕ್ಕೆ ಮುಂಚೆ ಹುಡುಗಿಯ ಸಾಕ್ಷ್ಯ ಮುಗಿದಿತ್ತು. ನನ್ನ ಪ್ರಶ್ನೆಗಳು ನ್ಯಾಯಾಧೀಶರ ಮೂಲಕವೇ ಹೋಗಬೇಕಾದುದರಿಂದ ಆರೇ ಪ್ರಶ್ನೆಗಳನ್ನು ಹಾಳೆಯಲ್ಲಿ ಬರೆದುಕೊಟ್ಟಿದ್ದೆ, ಒಂದೂ ಆಕೆಯ ನಡತೆಯ ಕುರಿತದ್ದಲ್ಲ. ತಾನಾಗಿಯೇ ಹೋದೆ ಎಂದು ಆಕೆ ಹೇಳಿದಳು. ತಾಯಿಯನ್ನು ನಾನು ಮದುವೆಯಾದ ವರ್ಷ ಕೇಳಲಿಲ್ಲ, ಮಗಳ ವಯಸ್ಸನ್ನೂ ಕೇಳಲಿಲ್ಲ. ಹೆರಿಗೆ ಎಲ್ಲಾಯಿತು ಎಂದೆ. ಚೊಚ್ಚಲು ತವರಿನಲ್ಲಿ ಎಂದಳು. ಯಾವ ಹಬ್ಬದ ಹತ್ತಿರ ಎಂದೆ. "ಮಾನವಮಿ ಅಮಾಸಿಗೆ ನಾಕು ದಿನ ಮೊದಲ ಹುಟ್ಯಾಳ್ರೀ. ಆ ವರ್ಷ ಅಧಿಕ ಬಂದು ದಸರಾ ಒಂದು ತಿಂಗಳ ಮುಂದ ಹೋಗಿತ್ತು. ಹೋದ ವರ್ಷ ಆತಲ್ರೀ, ಹಂಗ." ಅಭಿಯೋಜಕರು ಆಕ್ಷೇಪಿಸುವಷ್ಟರಲ್ಲಿ ಬೆರಳಚ್ಚುಗಾರರು ಅದನ್ನು ದಾಖಲಿಸಿಯಾಗಿತ್ತು.

ಆ ಸಂಜೆ ಹಳೆಯ ಪಂಚಾಂಗಗಳನ್ನು ಹುಡುಕಿಕೊಂಡು ನಮ್ಮ ಓಣಿಯ ಭಟ್ಟರ ಮನೆಗೆ ಹೋದೆ. 2020ರಲ್ಲಿ ಅಧಿಕ ಆಶ್ವಯುಜ ಬಂದು, ತಾಯಿ ಹೇಳಿದ ಮಾನವಮಿ ಅಮಾಸಿ ಅಂದರೆ ಮಹಾಲಯ ಅಮಾವಾಸ್ಯೆ ಸೆಪ್ಟೆಂಬರ್ 17ಕ್ಕೂ ನವರಾತ್ರಿ ಅಕ್ಟೋಬರ್ 17ಕ್ಕೂ ಬಿದ್ದುದು ಎಲ್ಲರಿಗೂ ನೆನಪಿತ್ತು. ಅದಕ್ಕೆ ಹತ್ತೊಂಬತ್ತು ವರ್ಷ ಹಿಂದೆ, 2001ರಲ್ಲಿಯೂ ಅದೇ ಅಧಿಕ ಆಶ್ವಯುಜ, ಅಮಾವಾಸ್ಯೆಯೂ ಅದೇ ಸೆಪ್ಟೆಂಬರ್ 17. 2002ರಲ್ಲಿ ಅಧಿಕ ಮಾಸವೇ ಇಲ್ಲ. ಹಾಗಾದರೆ ಹುಡುಗಿ ಹುಟ್ಟಿದ್ದು 2001ರ ಸೆಪ್ಟೆಂಬರ್ ಹದಿಮೂರರ ಸುಮಾರಿಗೆ, ಊರು ಬಿಟ್ಟ ದಿನ ಆಕೆಗೆ ಹದಿನೆಂಟು ತುಂಬಿ ಎರಡು ತಿಂಗಳು. ಪಂಚಾಂಗದಿಂದ ನ್ಯಾಯಾಲಯ ವಯಸ್ಸನ್ನು ನಿರ್ಣಯಿಸುವುದಿಲ್ಲವೆಂಬುದು ನನಗೂ ಗೊತ್ತು. ಆದರೆ ಯಾವ ಊರಿನ ಯಾವ ವರ್ಷದ ರಿಜಿಸ್ಟರನ್ನು ತೆರೆಸಬೇಕೆಂದು ಅದು ಹೇಳಿತ್ತು. ತನಿಖಾಧಿಕಾರಿ ತಂದೆಯ ಊರಿನಲ್ಲಿ ಮಾತ್ರ ವಿಚಾರಿಸಿ, ಜನನ ದಾಖಲೆ ಲಭ್ಯವಿಲ್ಲವೆಂಬ ಹಿಂಬರಹ ಪಡೆದು ಕಡತಕ್ಕೆ ಸೇರಿಸಿದ್ದರು. ಚೊಚ್ಚಲ ಹೆರಿಗೆ ತವರಿನಲ್ಲಾಗುತ್ತದೆ ಎಂಬುದು ನಮ್ಮ ಕಡೆ ಮಕ್ಕಳಿಗೂ ಗೊತ್ತಿರುವ ಸಂಗತಿ.

ತವರೂರು ಬೇರೆ ತಾಲ್ಲೂಕಿನಲ್ಲಿತ್ತು. ಗ್ರಾಮ ಲೆಕ್ಕಿಗರ ಕಾಲದ ಹಳೆಯ ಜನನ-ಮರಣ ರಿಜಿಸ್ಟರುಗಳು ತಹಸೀಲ್ದಾರ್ ಕಚೇರಿಯ ರೆಕಾರ್ಡ್ ರೂಮಿಗೆ ಹೋಗಿದ್ದವು. ಮೊದಲೆರಡು ಸಲ ಅಲ್ಲಿಯೂ "ಲಭ್ಯವಿಲ್ಲ" ಎಂದೇ ಬರೆದುಕೊಟ್ಟರು. ಮೂರನೆಯ ಸಲ ನಾನೇ ಹೋಗಿ ಕುಳಿತಾಗ ಕಾರಣ ತಿಳಿಯಿತು. ಅವರು ಹುಡುಗಿಯ ಹೆಸರಿನಿಂದ ಹುಡುಕುತ್ತಿದ್ದರು, ರಿಜಿಸ್ಟರಿನಲ್ಲಿ ಮಗುವಿನ ಹೆಸರಿನ ಅಂಕಣವೇ ಖಾಲಿ. ನಾಮಕರಣಕ್ಕೆ ಮೊದಲೇ ಅಜ್ಜ ಹೋಗಿ ಬರೆಸಿದ್ದ, ದಿನಾಂಕ 14-9-2001, ಹೆಣ್ಣು, ತಾಯಿಯ ಹೆಸರು ಸರಿಯಾಗಿತ್ತು, ತಂದೆಯ ಹೆಸರಿನಲ್ಲಿ ಒಂದಕ್ಷರ ತಪ್ಪು. ತಾಯಿ ಹೇಳಿದ್ದಕ್ಕೂ ಇದಕ್ಕೂ ಒಂದು ದಿನದ ವ್ಯತ್ಯಾಸ, ಅದು ನನಗೆ ಸಮಾಧಾನವನ್ನೇ ಕೊಟ್ಟಿತು. ಆ ಖಾಲಿ ಅಂಕಣದ ಮಗುವೇ ಈ ಹುಡುಗಿ ಎಂದು ಸಾಬೀತುಪಡಿಸಲು ಇನ್ನೊಂದು ಇಲಾಖೆಯ ದಾಖಲೆ ಬಳಸಿದೆ. ಯಾವುದೆಂದು ಇಲ್ಲಿ ಬರೆಯಲಾರೆ, ಇನ್ನೂ ಎರಡು ಪ್ರಕರಣಗಳಲ್ಲಿ ಅದನ್ನೇ ನಂಬಿಕೊಂಡಿದ್ದೇನೆ. ಬಸ್ಸು, ನಕಲು ಶುಲ್ಕ, ಊಟ ಎಲ್ಲ ಸೇರಿ ಒಂಬತ್ತು-ಹತ್ತು ಸಾವಿರ ನನ್ನ ಕೈಯಿಂದಲೇ ಹೋಯಿತು.

ಮುಖ್ಯೋಪಾಧ್ಯಾಯರ ಸರದಿ ಅದರ ನಂತರ ಬಂತು, ಅದು ದೇವರ ದಯೆ. ಅವರು ದಾಖಲಾತಿ ವಹಿಯನ್ನು ತಂದಿದ್ದರು, ಉದ್ಧೃತ ಪ್ರತಿಯನ್ನು ಗುರುತಿಸಿ ನಿಪಿ ಸಂಖ್ಯೆ (ಅಭಿಯೋಜನೆಯ ದಾಖಲೆಗೆ ಕೊಡುವ ಗುರುತು ಸಂಖ್ಯೆ) ಕೊಡಲಾಯಿತು. ಮಗುವನ್ನು ಶಾಲೆಗೆ ಕರೆತಂದವರಾರೆಂದು ಕೇಳಿದೆ; ಗೊತ್ತಿಲ್ಲ, ಆಗ ತಾವು ಆ ಶಾಲೆಯಲ್ಲಿರಲಿಲ್ಲ ಎಂದರು. ಯಾವ ದಾಖಲೆಯ ಆಧಾರದ ಮೇಲೆ ದಿನಾಂಕ ಬರೆದರೆಂದು ಕೇಳಿದೆ. ಆ ಅಂಕಣ ಖಾಲಿ ಇದೆ ಎಂದರು. ಬಳಿಕ 2008ರ ಜೂನ್‌ನಲ್ಲಿ ದಾಖಲಾದ ಮಕ್ಕಳ ಪುಟಗಳನ್ನು ತೆರೆದು ಜನ್ಮದಿನಾಂಕಗಳನ್ನು ಗಟ್ಟಿಯಾಗಿ ಓದಲು ಕೇಳಿಕೊಂಡೆ. ಮೂವತ್ತೊಂದು ಮಕ್ಕಳಲ್ಲಿ ಹತ್ತೊಂಬತ್ತು ಮಕ್ಕಳು ಹುಟ್ಟಿದ್ದು ಜೂನ್ 1ರಂದೇ. ಒಂದನೆಯ ತರಗತಿಗೆ ಸರಿಯಾಗಿ ಆರು ವರ್ಷ ತುಂಬುವಂತೆ ಮೇಷ್ಟ್ರುಗಳು ಬರೆದುಕೊಳ್ಳುತ್ತಿದ್ದ ದಿನವದು, ಓದುಗರಲ್ಲಿಯೂ ಹಲವರ ಜನ್ಮದಿನ ಅದೇ ಇರಬಹುದು. ಈ ಹುಡುಗಿ ತಂದೆ-ತಾಯಿಯೊಡನೆ ಕಬ್ಬು ಕಡಿಯಲು ಹೋಗಿ ಒಂದು ವರ್ಷ ತಡವಾಗಿ ಸೇರಿದ್ದಳು, ಕಾಗದದ ಮೇಲೆ ಆ ವರ್ಷ ಅಳಿಸಿಹೋಗಿತ್ತು. ನ್ಯಾಯಾಧೀಶರು ನಗುತ್ತ, "ಮಾಸ್ತರರೇ, ನಿಮ್ಮದು?" ಎಂದರು. ಅವರದೂ ಜೂನ್ 1. ಇದರ ನಂತರ ಕೇಳಿದ ಒಂದು ಪ್ರಶ್ನೆಯೇ ನಿಜವಾಗಿ ಕೆಲಸ ಮಾಡಿದ್ದು, ಅದೂ ನನ್ನಲ್ಲೇ ಇರಲಿ.

ಪ್ರತಿವಾದದ ಸಾಕ್ಷಿಯಾಗಿ ರೆಕಾರ್ಡ್ ರೂಮಿನ ಸಿಬ್ಬಂದಿಯನ್ನು ಸಮನ್ಸ್ ಮಾಡಿಸಿ ಮೂಲ ರಿಜಿಸ್ಟರನ್ನೇ ತರಿಸಿದೆವು. ನಾಲ್ಕು ದಿನಾಂಕಗಳಿಗೆ ಅವರು ಬರಲಿಲ್ಲ, ಐದನೆಯದಕ್ಕೆ ಬಂದರು. ವಾದ ನಡೆಯುತ್ತಿರುವಾಗಲೇ, 2023ರ ಜುಲೈನಲ್ಲಿ, ಸರ್ವೋಚ್ಚ ನ್ಯಾಯಾಲಯದ ಪಿ. ಯುವಪ್ರಕಾಶ್ ತೀರ್ಪು ಬಂತು. ವರ್ಗಾವಣೆ ಪತ್ರವಾಗಲಿ ದಾಖಲಾತಿ ವಹಿಯ ಪ್ರತಿಯಾಗಲಿ 94(2)ರ ಮೊದಲ ಬಾಬತ್ತಿನ ದಾಖಲೆಯಲ್ಲ ಎಂದು ಅದರಲ್ಲಿತ್ತು. ನಾನು ಎರಡು ವರ್ಷದಿಂದ ಹೇಳುತ್ತಿದ್ದುದು ಅದನ್ನೇ, ಆದರೆ ನನ್ನ ಬಾಯಿಂದ ಬಂದಾಗ ಅದಕ್ಕೆ ತೂಕವಿರಲಿಲ್ಲ. ಮೊದಲ ಬಾಬತ್ತು ಬಿದ್ದ ಮೇಲೆ ಎರಡನೆಯದು ಜನನ ದಾಖಲೆ, ಅದು ನಮ್ಮ ಕೈಯಲ್ಲಿತ್ತು. ಹದಿನೆಂಟು ತುಂಬಿದ್ದುದರಿಂದ ಪೋಕ್ಸೋ ನಿಲ್ಲಲಿಲ್ಲ, ಅಪಹರಣದ 363 ನಿಲ್ಲಲಿಲ್ಲ, ಹುಡುಗಿಯ ಸಾಕ್ಷ್ಯದಿಂದ 376 ನಿಲ್ಲಲಿಲ್ಲ.

ಸಮ್ಮತಿಯ ವಯಸ್ಸನ್ನು ಹದಿನಾರಕ್ಕೆ ಇಳಿಸಬೇಕೇ ಎಂದು ಕಿರಿಯರು ಕೇಳುತ್ತಾರೆ. 1891ರಲ್ಲಿ ಹನ್ನೆರಡಿದ್ದದ್ದು 1925ರಲ್ಲಿ ಹದಿನಾಲ್ಕು, ಆಮೇಲೆ ಹದಿನಾರಾಗಿ, 2012ರ ಪೋಕ್ಸೋ ಮತ್ತು 2013ರ ತಿದ್ದುಪಡಿಯಿಂದ ಹದಿನೆಂಟಕ್ಕೆ ಬಂದು ನಿಂತಿದೆ. 2022ರ ನವೆಂಬರ್‌ನಲ್ಲಿ ನಮ್ಮ ಧಾರವಾಡ ಪೀಠವೇ ಈ ಮಿತಿಯನ್ನು ಮರುಚಿಂತಿಸಲು ಕಾನೂನು ಆಯೋಗಕ್ಕೆ ಹೇಳಿತ್ತು. ನಮ್ಮ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಯಾಗಿದ್ದ ರಿತುರಾಜ್ ಅವಸ್ಥಿಯವರ ಅಧ್ಯಕ್ಷತೆಯ ಆಯೋಗ 2023ರ 283ನೇ ವರದಿಯಲ್ಲಿ ವಯಸ್ಸು ಇಳಿಸುವುದು ಬೇಡ, ಹದಿನಾರರಿಂದ ಹದಿನೆಂಟರ ನಡುವಿನ ಪ್ರಕರಣಗಳಲ್ಲಿ ಶಿಕ್ಷೆಯ ವಿವೇಚನೆಯನ್ನು ನ್ಯಾಯಾಧೀಶರಿಗೆ ಕೊಡಿ ಎಂದಿತು. ನನಗೂ ಅದೇ ಸರಿ ಎನಿಸುತ್ತದೆ, ಮಕ್ಕಳ ಮೇಲೆ ನಿಜವಾದ ದೌರ್ಜನ್ಯ ನಡೆದ ಕಡತಗಳನ್ನೂ ಅದೇ ಕೋರ್ಟಿನಲ್ಲಿ ದಿನವೂ ನೋಡುತ್ತೇನೆ. ಕನಿಷ್ಠ ಇಪ್ಪತ್ತು ವರ್ಷ ಎಂಬುದು ಮಾತ್ರ ಇಪ್ಪತ್ತರ ಹುಡುಗನ ಮುಂದೆ ಓದಿಹೇಳಲು ಬಾಯಿ ಬರುವುದಿಲ್ಲ.

ಈ ದಾರಿ ಎಲ್ಲರಿಗೂ ಒದಗದು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಇದ್ದರೆ ಜನನ ದಾಖಲೆ ಬೇರೆ ಹೇಳಿದರೂ ಮೇಲೆ ನಿಲ್ಲುವುದು ಅಂಕಪಟ್ಟಿಯೇ. ಕಳೆದ ವರ್ಷ ಹಾಗೆಯೇ ಒಂದು ಪ್ರಕರಣ ಸೋತೆ, ಮೇಲ್ಮನವಿ ಬಾಕಿ ಇದೆ. ಈಗ ಕೈಯಲ್ಲಿರುವುದರಲ್ಲಿ ಹುಡುಗಿ ಒಂಬತ್ತನೆಯ ತರಗತಿಗೆ ಬಿಟ್ಟವಳು, ಶಾಲೆಯ ದಿನಾಂಕ ಮತ್ತೆ ಜೂನ್ 1, ಹೆರಿಗೆಯಾದದ್ದು ಮಹಾರಾಷ್ಟ್ರದ ಗಡಿಯಾಚೆಯ ತವರಿನಲ್ಲಿ. ಅಲ್ಲಿನ ರಿಜಿಸ್ಟರು ಮರಾಠಿಯ ಹಳೆಯ ಮೋಡಿ ಲಿಪಿಯಂಥ ಕೈಬರಹದಲ್ಲಿದೆ, ಓದಿಸಲು ಒಬ್ಬರನ್ನು ಹುಡುಕುತ್ತಿದ್ದೇನೆ.