ಇಂಡಿಪೆಂಡೆಂಟ್ ಅಂದರೆ ಪಕ್ಷೇತರ ಅಲ್ಲ: ಕ್ಯಾಲಿಫೋರ್ನಿಯಾದಲ್ಲಿ ಮೂರನೇ ಪಕ್ಷಕ್ಕೆ ವೋಟು ಹಾಕುವ ಮುಂಚೆ

ಹೋದ ತಿಂಗಳು ಹಾಸನದ ಹುಡುಗನೊಬ್ಬ ಹೆಂಡತಿಯ ಜೊತೆ ಫ್ರೀಮಾಂಟ್‌ನ ನಮ್ಮ ಮನೆಗೆ ಬಂದಿದ್ದ. ಇಬ್ಬರೂ ಆಗಷ್ಟೇ ಸಿಟಿಜನ್ ಆಗಿದ್ದರು. ಕಾಫಿ ಕುಡಿಯುತ್ತಾ, “ಅಣ್ಣಾ, ಈ ಎರಡು ಪಕ್ಷಗಳ ಸಹವಾಸವೇ ಬೇಡ. ವೋಟರ್ ಫಾರ್ಮ್‌ನಲ್ಲಿ ಇಂಡಿಪೆಂಡೆಂಟ್ ಅಂತ ಟಿಕ್ ಮಾಡಿದೆ” ಅಂದ.

“ಅದರ ಮುಂಚೆ ಅಮೆರಿಕನ್ ಅಂತ ಇತ್ತಾ?”

“ಇತ್ತು. ನಾವೀಗ ಅಮೆರಿಕನ್ನರೇ ಅಲ್ವಾ?”

ನಗು ತಡೆಯಲಾಗಲಿಲ್ಲ. ಯಾಕೆಂದರೆ ನಾನೂ ಅದೇ ಹಳ್ಳಕ್ಕೆ ಬಿದ್ದವನು.

ಊರಲ್ಲಿ ಮತದಾರರ ಪಟ್ಟಿಗೆ ಹೆಸರು ಸೇರಿಸುವಾಗ ನಿಮ್ಮ ಪಕ್ಷ ಯಾವುದು ಅಂತ ಯಾರೂ ಕೇಳುವುದಿಲ್ಲ. ಇಲ್ಲಿ ಕೇಳುತ್ತಾರೆ. ನಮ್ಮ ತಲೆಯಲ್ಲಿ ಇಂಡಿಪೆಂಡೆಂಟ್ ಅಂದರೆ 2019ರಲ್ಲಿ ಮಂಡ್ಯದಲ್ಲಿ ಗೆದ್ದ ಸುಮಲತಾ ಥರ, ಪಕ್ಷೇತರ. ಆದರೆ ಫಾರ್ಮ್‌ನಲ್ಲಿರುವ ‘ಅಮೆರಿಕನ್ ಇಂಡಿಪೆಂಡೆಂಟ್’ ಒಂದು ಪಕ್ಷದ ಹೆಸರು. ಹುಟ್ಟಿದ್ದು 1967ರಲ್ಲಿ. ಕರಿಯರು ಬಿಳಿಯರು ಬೇರೆ ಬೇರೆಯೇ ಇರಬೇಕು ಅಂತ ಹಠ ಹಿಡಿದಿದ್ದ ಅಲಬಾಮಾದ ಜಾರ್ಜ್ ವಾಲೇಸ್ 1968ರಲ್ಲಿ ಅಧ್ಯಕ್ಷ ಪದವಿಗೆ ನಿಂತಿದ್ದು ಇದೇ ಪಕ್ಷದಿಂದ. ನನ್ನ ಬಣ್ಣದವನು ಅಲ್ಲಿ ಹೆಸರು ಬರೆಸಿದ್ದನ್ನು ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ.

ನಗು ಬರದೇ ಇದ್ದದ್ದು 2016ರಲ್ಲಿ. ನನ್ನದು ಹಳೇ ಕಾಲದ ಲೆಕ್ಕಾಚಾರ: ಸರ್ಕಾರ ಚಿಕ್ಕದಿರಲಿ, ಸಾಲ ಕಡಿಮೆ ಇರಲಿ, ಮನೆ ಮಕ್ಕಳ ವಿಷಯಕ್ಕೆ ಕೈ ಹಾಕದಿರಲಿ. ರಿಪಬ್ಲಿಕನ್ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಮೊದಲ ಸುತ್ತಿನ ಮತದಾನದಲ್ಲಿ, ಮನಸ್ಸಿಗೆ ಒಪ್ಪುವ ಒಬ್ಬರಿಗೆ ಹಾಕೋಣ, ಆಗದಿದ್ದರೆ ನವೆಂಬರ್‌ನ ಮುಖ್ಯ ಚುನಾವಣೆಯಲ್ಲಿ ಮೂರನೇ ಪಕ್ಷ ಇದ್ದೇ ಇದೆ ಅಂತ ಕೂತಿದ್ದೆ. ಬ್ಯಾಲಟ್ ಮೇ ತಿಂಗಳಲ್ಲೇ ಅಂಚೆಯಲ್ಲಿ ಬಂತು. ಫ್ರಿಜ್ ಮೇಲಿಟ್ಟು ಮರೆತೆ. ತಿಂಗಳ ಕೊನೆಗೆ ತೆರೆದರೆ ಅಧ್ಯಕ್ಷ ಪದವಿಗೆ ರಿಪಬ್ಲಿಕನ್ನರ ಒಂದು ಹೆಸರೂ ಇಲ್ಲ! ಅವರ ಪ್ರೈಮರಿ ಆ ಪಕ್ಷದಲ್ಲಿ ಹೆಸರು ಬರೆಸಿದವರಿಗೆ ಮಾತ್ರ. ಪಕ್ಷ ಬದಲಿಸುವ ಗಡುವು ಮೇ 23ಕ್ಕೇ ಮುಗಿದಿತ್ತು. ಅರ್ಧ ದಿನ ರಜೆ ಹಾಕಿ ಓಡಾಡಿದೆ, ಏನೂ ಆಗಲಿಲ್ಲ. ತಪ್ಪು ನಂದೇ. ಒಂದು ಪದ ಸರಿಯಾಗಿ ಓದಲಿಲ್ಲ.

ನಾನೊಬ್ಬನೇ ಪೆದ್ದ ಅಲ್ಲ ಅನ್ನುವುದು ಸಮಾಧಾನ. ಅದೇ ವರ್ಷ ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆ ಸಮೀಕ್ಷೆ ಮಾಡಿಸಿದಾಗ, ಆ ಪಕ್ಷದ ಪಟ್ಟಿಯಲ್ಲಿದ್ದ ನಾಲ್ವರಲ್ಲಿ ಸುಮಾರು ಮೂವರಿಗೆ ತಾವು ಒಂದು ಪಕ್ಷ ಸೇರಿದ್ದೇವೆ ಅನ್ನುವುದೇ ಗೊತ್ತಿರಲಿಲ್ಲ. ಅವರೆಲ್ಲ ಇಲ್ಲೇ ಹುಟ್ಟಿ ಬೆಳೆದವರೇ ಜಾಸ್ತಿ ಇದ್ದಾರು.

ಯಾವ ಪಕ್ಷವೂ ಬೇಡವಾದರೆ ಅದಕ್ಕೆ ಬೇರೆ ಖಾನೆ ಇದೆ. ಅಂಥವರನ್ನು ಇಲ್ಲಿ ‘ನೋ ಪಾರ್ಟಿ ಪ್ರಿಫರೆನ್ಸ್’ ಅನ್ನುತ್ತಾರೆ. ಅದರಲ್ಲೂ ಒಂದು ಕೊಕ್ಕೆ ಉಂಟು. ಅಧ್ಯಕ್ಷರ ಪ್ರೈಮರಿಗೆ ನೀವು ಕೇಳದಿದ್ದರೆ ಅಧ್ಯಕ್ಷ ಅಭ್ಯರ್ಥಿಗಳ ಹೆಸರೇ ಇಲ್ಲದ ಬ್ಯಾಲಟ್ ಬರುತ್ತದೆ. ಕೇಳಿದರೂ, ಹೊರಗಿನವರನ್ನು ಬಿಟ್ಟುಕೊಳ್ಳುವ ಪಕ್ಷದ್ದು ಮಾತ್ರ ಸಿಗುತ್ತದೆ. ಆನ್‌ಲೈನ್‌ನಲ್ಲಿ ಪಕ್ಷ ಬದಲಿಸಲು ಚುನಾವಣೆಗೆ 15 ದಿನ ಮುಂಚಿನವರೆಗೆ ಸಮಯ. ಈಗ ಅದು ತಪ್ಪಿದರೂ ಕೌಂಟಿ ಕಚೇರಿಗೇ ಹೋಗಿ ಮಾಡಿಸಬಹುದು. ನನ್ನ ಕಾಲಕ್ಕೆ ಆ ಅನುಕೂಲ ಇರಲಿಲ್ಲ.

ಇನ್ನು, ಯಾರಿಗೆ ಹಾಕಬೇಕು? ಸಂಪ್ರದಾಯದ ಕಡೆ ಮನಸ್ಸಿರುವವರಿಗೆ ಮುಖ್ಯವಾಗಿ ಮೂರು ಕಾಣುತ್ತವೆ. ಕಾನ್‌ಸ್ಟಿಟ್ಯೂಷನ್ ಪಕ್ಷ ಪಕ್ಕಾ ಬಲಪಂಥ, ಮಾತೆತ್ತಿದರೆ ಬೈಬಲ್. ನನ್ನಂಥ ಹಿಂದೂವಿಗೆ ಅಲ್ಲಿ ಸ್ವಲ್ಪ ಇರಿಸುಮುರಿಸು. ಅಮೆರಿಕನ್ ಸಾಲಿಡಾರಿಟಿ ಪಕ್ಷಕ್ಕೆ ಕುಟುಂಬ, ಗರ್ಭಪಾತದ ವಿಷಯದಲ್ಲಿ ಹಳೇ ನಂಬಿಕೆ, ಬಡವರ ವಿಷಯದಲ್ಲಿ ಧಾರಾಳ. ಲಿಬರ್ಟೇರಿಯನ್ನರು ತೆರಿಗೆಯಲ್ಲಿ ಜಿಪುಣರು, ಉಳಿದದ್ದರಲ್ಲಿ ಕನ್ಸರ್ವೇಟಿವ್ ಅಲ್ಲವೇ ಅಲ್ಲ. ಇದು ತಿಳಿಯದೆ ಹಾಕಿ ಆಮೇಲೆ ಪರಿತಪಿಸಿದವರನ್ನು ನೋಡಿದ್ದೇನೆ.

ಅಧ್ಯಕ್ಷ ಪದವಿಗೆ ಬ್ಯಾಲಟ್‌ನಲ್ಲಿ ಇಲ್ಲದವರ ಹೆಸರನ್ನು ಕೈಯಲ್ಲಿ ಬರೆಯಬಹುದು. ಆದರೆ ಆ ಅಭ್ಯರ್ಥಿ ಮೊದಲೇ ಅರ್ಜಿ ಕೊಟ್ಟಿರಬೇಕು, ಇಲ್ಲದಿದ್ದರೆ ಎಣಿಸುವುದೇ ಇಲ್ಲ. ಸುಮ್ನೆ ತಮ್ಮ ಮಾವನ ಹೆಸರು ಬರೆದು ಬಂದವರಿದ್ದಾರೆ, ಅದು ತಮಾಷೆಗಷ್ಟೇ. ರಾಜ್ಯದ ಶಾಸನಸಭೆ, ಕಾಂಗ್ರೆಸ್ (ಅಮೆರಿಕದ ಸಂಸತ್ತು) ಸೀಟುಗಳಿಗೆ ಇಲ್ಲಿ ಪ್ರೈಮರಿಯ ಮೊದಲ ಇಬ್ಬರು ಮಾತ್ರ ನವೆಂಬರ್‌ಗೆ ಹೋಗುತ್ತಾರೆ. ಹಾಗಾಗಿ ಅಲ್ಲಿ ಮೂರನೇ ಪಕ್ಷದವರು ಸಿಗುವುದು ಅಪರೂಪ.

“ವೋಟು ವೇಸ್ಟ್ ಆಗಲ್ವಾ?” ಅಂತ ಎಲ್ಲರೂ ಕೇಳುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ರಿಪಬ್ಲಿಕನ್ ಅಧ್ಯಕ್ಷ ಅಭ್ಯರ್ಥಿ ಕೊನೆಯ ಸಲ ಗೆದ್ದಿದ್ದು 1988ರಲ್ಲಿ. ಇಲ್ಲಿ ಧೈರ್ಯವಾಗಿ ಮನಸ್ಸಿಗೆ ಬಂದವರಿಗೆ ಹಾಕಿ. ಜಾರ್ಜಿಯಾಗೆ ಮನೆ ಬದಲಿಸಿದರೆ ಮಾತ್ರ ಎರಡು ಸಲ ಯೋಚಿಸಿ. 2020ರಲ್ಲಿ ಅಲ್ಲಿ ಗೆದ್ದವರಿಗೂ ಸೋತವರಿಗೂ ಇದ್ದ ಅಂತರ 11,779 ವೋಟು. ಲಿಬರ್ಟೇರಿಯನ್ ಅಭ್ಯರ್ಥಿಗೆ ಬಿದ್ದದ್ದು ಸುಮಾರು 62 ಸಾವಿರ.

ನನ್ನ ಕೇಳಿದರೆ ಆಸ್ಟ್ರೇಲಿಯಾದ ಪದ್ಧತಿಯೇ ವಾಸಿ. ಅಲ್ಲಿ ಸಣ್ಣ ಪಕ್ಷಕ್ಕೆ 1, ದೊಡ್ಡದಕ್ಕೆ 2 ಅಂತ ಬರೆಯಬಹುದು. ಮೊದಲನೆಯವರು ಸೋತರೆ ವೋಟು ಎರಡನೆಯವರಿಗೆ ಹೋಗುತ್ತದೆ. ಇಲ್ಲಿ ಮೇನ್, ಅಲಾಸ್ಕಾದಲ್ಲಿ ಅಂಥದ್ದು ಬಂದಿದೆ. ನಮ್ಮ ಭಾರತದ ಲೋಕಸಭೆ, ವಿಧಾನಸಭೆ ಚುನಾವಣೆಗೆ ಅದಿಲ್ಲ ಬಿಡಿ.

ಹಾಸನದ ಹುಡುಗನನ್ನು ಅಲ್ಲೇ ಲ್ಯಾಪ್‌ಟಾಪ್ ಮುಂದೆ ಕೂರಿಸಿ, ರಾಜ್ಯದ ‘ಮೈ ವೋಟರ್ ಸ್ಟೇಟಸ್’ ಪುಟ ತೆರೆಸಿದೆ. ಪಕ್ಷದ ಹೆಸರು ದಪ್ಪಗೆ ಕಾಣಿಸಿತು. ಅವನ ಹೆಂಡತಿ ಇಣುಕಿ ನೋಡಿ, “ನಾನು ಸರಿಯಾಗೇ ತುಂಬಿದ್ದೆ, ಇವರು ನನ್ನ ಕೇಳಲೇ ಇಲ್ಲ” ಅಂದಳು.