ಡೇರಿಗೆ ಯಂತ್ರ ಬಂದಾಗ ಕೈಹಿಡಿದ ಮನಃಶಾಸ್ತ್ರ

ನಮ್ಮೂರಿನ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ನಾನು ಕಾರ್ಯದರ್ಶಿ. ಫ್ಯಾಟ್ ಅಳೆಯುವ ಯಂತ್ರ ಬಂದ ಮೊದಲ ವಾರ, ಸಾಲಿನಲ್ಲಿ ನಿಂತವರು ಪರದೆಯ ಅಂಕಿ ಬಿಟ್ಟು ನಮ್ಮ ಹಾಲು ಪರೀಕ್ಷಕರ ಮುಖ ನೋಡುತ್ತಿದ್ದರು. ಪರೀಕ್ಷಕರು ಬಾಯಿ ಬಿಡುತ್ತಿರಲಿಲ್ಲ. ಆ ಮೌನದಿಂದಲೇ ಯಂತ್ರದ ಮೇಲಿನ ನಂಬಿಕೆ ಕರಗಿತು. ನಾನು ಸಭೆ ಕರೆದು ಮುಕ್ಕಾಲು ಗಂಟೆ ಯಂತ್ರದ ಗುಣಗಾನ ಮಾಡಿದೆ. ಮರುದಿನ ಗೊಣಗಾಟ ಇನ್ನೂ ಹೆಚ್ಚಾಯಿತು.

ದೂರಶಿಕ್ಷಣದಲ್ಲಿ ಮನಃಶಾಸ್ತ್ರ ಓದುವಾಗ ಕರ್ಟ್ ಲೆವಿನ್ ಎಂಬ ಮನಃಶಾಸ್ತ್ರಜ್ಞರ ಸಿದ್ಧಾಂತವನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ. ಮುಂದಕ್ಕೆ ತಳ್ಳುವ ಬಲಗಳೂ ತಡೆಯುವ ಬಲಗಳೂ ಸೇರಿ ಇದ್ದ ಸ್ಥಿತಿಯನ್ನು ಹಿಡಿದು ನಿಲ್ಲಿಸಿರುತ್ತವೆ. ತಳ್ಳುವುದನ್ನೇ ಹೆಚ್ಚಿಸಿದರೆ ಬಿಗುವು ಏರುತ್ತದೆ, ತಡೆಯುವುದನ್ನು ಸಡಿಲಿಸಬೇಕು. ಅಂದು ರಾತ್ರಿ ರಿಜಿಸ್ಟರಿನ ಹಿಂದಿನ ಹಾಳೆಯಲ್ಲಿ ಗೆರೆ ಎಳೆದು, ತಡೆಯುವ ಕಡೆ ಎರಡು ಸಾಲು ಬರೆದೆ. ಅಂಕಿ ಎಲ್ಲಿಂದ ಬಂತೆಂದು ಜನರಿಗೆ ಕಾಣುವುದಿಲ್ಲ. ಪರೀಕ್ಷಕರಿಗೆ ಇನ್ನೇನು ಕೆಲಸ?

ಎರಡನೆಯದು ನನ್ನ ನಿದ್ದೆ ಕೆಡಿಸಿತು. ಯಂತ್ರ ಬರುವ ಮುನ್ನ ಬ್ಯುಟಿರೋಮೀಟರ್ ಎಂಬ ಫ್ಯಾಟ್ ಅಳೆಯುವ ಗಾಜಿನ ಕೊಳವೆಗೆ 10 ಮಿ.ಲೀ. ಗಂಧಕಾಮ್ಲ, 10.75 ಮಿ.ಲೀ. ಹಾಲು, 1 ಮಿ.ಲೀ. ಅಮೈಲ್ ಆಲ್ಕೋಹಾಲ್ ಹಾಕಿ, ವೇಗವಾಗಿ ಸುತ್ತುವ ಹಳೆಯ ಸಾಧನದಲ್ಲಿಟ್ಟು ತಿರುಗಿಸಿ, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ಹಳದಿ ಗೆರೆ ಓದುತ್ತಿದ್ದವರು ಅವರು. ಅವರು ಹೇಳಿದ್ದೇ ಊರಿಗೆ ತೀರ್ಪು. ನಾನು ಆ ಸ್ಥಾನಕ್ಕೇ ಕೈ ಹಾಕಿದ್ದೆ.

ಬೆಳಿಗ್ಗೆ ಅವರ ಮನೆಗೆ ಹೋಗಿ, "ಅಣ್ಣಾ, ಈ ಯಂತ್ರ ನಿಜ ಹೇಳುತ್ತದೆಯೇ ಎಂದು ನೀವೇ ಪರೀಕ್ಷೆ ಮಾಡಬೇಕು" ಎಂದೆ. ಹದಿನೈದು ದಿನ ಅವರು ತಾವೇ ಆರಿಸಿದ ಐದು ಮಾದರಿಗಳನ್ನು ಎರಡೂ ರೀತಿಯಲ್ಲಿ ನೋಡಿ, ಅಂಕಿಗಳನ್ನು ಕರಿಹಲಗೆಯ ಮೇಲೆ ಅಕ್ಕಪಕ್ಕ ಬರೆದರು. ನಾಲ್ಕನೆಯ ದಿನ ಅಂಕಿಗಳು ತಾಳೆಯಾಗಲಿಲ್ಲ. ಯಂತ್ರ ಹಾಲೆಳೆಯುವ ಕೊಳವೆಯಲ್ಲಿ ಜಿಡ್ಡು ಕಟ್ಟಿದ್ದನ್ನು ಕಂಡುಹಿಡಿದವರೂ ಅವರೇ. ತೊಳೆದ ಮೇಲೆ ಸರಿಹೋಯಿತು. ಅಂದಿನಿಂದ ಯಂತ್ರದ ಶುಚಿಯೂ ತಾಳೆ ನೋಡುವುದೂ ಅವರ ಹೊಣೆ.

ಲೆವಿನ್ ಅವರ ಇನ್ನೊಂದು ಪ್ರಯೋಗವೂ ನೆನಪಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಅಮೆರಿಕದ ಗೃಹಿಣಿಯರು ಒಲ್ಲದ ಹೃದಯ, ಮೂತ್ರಪಿಂಡಗಳ ಮಾಂಸವನ್ನು ಅಡುಗೆಗೆ ಬಳಸುವಂತೆ ಮಾಡಬೇಕಿತ್ತು. ಉಪನ್ಯಾಸ ಕೇಳಿದವರಲ್ಲಿ ಶೇ. 3 ಮಂದಿ ಬಳಸಿದರು. ತಾವೇ ಚರ್ಚಿಸಿ ಕೈಯೆತ್ತಿ ತೀರ್ಮಾನಿಸಿದವರಲ್ಲಿ ಶೇ. 32. ನನ್ನ ಮುಕ್ಕಾಲು ಗಂಟೆಯ ಮಾತು ಯಾಕೆ ನೀರಿನಲ್ಲಿ ಹೋಮವಾಯಿತೆಂದು ಆಗ ಹೊಳೆಯಿತು.

ಮುಂದಿನ ಸಭೆಯಲ್ಲಿ ನಾನು ಹೆಚ್ಚು ಮಾತನಾಡಲಿಲ್ಲ. ಎರಡು ಎಮ್ಮೆ ಸಾಕಿರುವ ಹಿರಿಯಕ್ಕ ಒಬ್ಬರು ಎದ್ದು, "ಫ್ಯಾಟ್ ಕಡಿಮೆ ಬಂದರೆ ನಮ್ಮ ಕಣ್ಣೆದುರೇ ಇನ್ನೊಮ್ಮೆ ನೋಡಬೇಕು, ಹಳೆಯ ಕೊಳವೆಯಲ್ಲೇ" ಎಂದರು. ಎಲ್ಲರ ಕೈ ಮೇಲೆದ್ದಿತು. ಆ ನಿಯಮವನ್ನು ಪರೀಕ್ಷಕರು ತಮ್ಮ ಕೈಬರಹದಲ್ಲಿ ಬರೆದು ಯಂತ್ರದ ಮೇಲ್ಗಡೆ ಅಂಟಿಸಿದ್ದಾರೆ.