ಪಿಯುಸಿ ಆಯ್ತು, ಡಿಗ್ರಿ ಬೇಕಾ ಬೇಡ್ವಾ? ಸೇರುವ ಮೊದಲು ಹೀಗೆ ಲೆಕ್ಕ ಹಾಕಿ

ರಿಸಲ್ಟ್ ಬಂದ ವಾರ ನಮ್ಮ ಉತ್ತರ ಕನ್ನಡದ ಕಡೆ ಯಾರ ಮನೆಗೆ ಹೋದರೂ ಒಂದೇ ಮಾತು, "ಮುಂದೆ ಎಂತ ಮಾಡ್ತೆ?" ಅಪ್ಪ "ಒಂದು ಡಿಗ್ರಿ ಅಂತ ಇರಲಿ" ಅನ್ನುತ್ತಾರೆ. ಗೋವಾದಲ್ಲಿ ಕೆಲಸಕ್ಕಿರುವ ಅಣ್ಣ "ಡಿಗ್ರಿ ಓದಿ ಯಾರು ಉದ್ಧಾರ ಆಗಿದ್ದಾರೆ, ಸುಮ್ನೆ ಐಟಿಐ ಮಾಡು" ಅನ್ನುತ್ತಾನೆ. ಇಬ್ಬರ ಮಾತಲ್ಲೂ ಹುರುಳಿದೆ, ಆದರೆ ಇಬ್ಬರೂ ಹೇಳುತ್ತಿರುವುದು ಅವರವರ ಕಾಲದ, ಅವರವರ ಅನುಭವದ ಮಾತು. ನಿಮ್ಮ ಲೆಕ್ಕ ನೀವೇ ಹಾಕಬೇಕು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮನೆಯಿಂದ ಬಸ್ಸಲ್ಲಿ ಓಡಾಡಿ ಕಡಿಮೆ ಖರ್ಚಲ್ಲಿ ಮುಗಿಯುವ ಡಿಗ್ರಿ ಆದರೆ ಮಾಡಿ, ಜಾಸ್ತಿ ಯೋಚನೆ ಬೇಡ. ತೋಟ ಅಡವಿಟ್ಟು, ಊರಲ್ಲಿ ಯಾರೂ ಹೆಸರು ಕೇಳದ ಬೆಂಗಳೂರಿನ ಕಾಲೇಜಿನಲ್ಲಿ ಮ್ಯಾನೇಜ್‌ಮೆಂಟ್ ಸೀಟು ಹಿಡಿಯುವ ಡಿಗ್ರಿ ಆದರೆ ಎರಡು ಸಲ ಅಲ್ಲ, ಹತ್ತು ಸಲ ಯೋಚಿಸಿ. ಇವೆರಡರ ನಡುವೆ ಇರುವವರಿಗೆ ಈ ಬರಹ.

ಮೊದಲು ನೋಟಿಫಿಕೇಶನ್ ಓದಿ

ಕಾಲೇಜಿನವರು ಕೊಡುವ ಬಣ್ಣದ ಪುಸ್ತಕದಲ್ಲಿ ಎಲ್ಲಾ ಕೋರ್ಸೂ ಚಂದವೇ. ಅದನ್ನು ಪಕ್ಕಕ್ಕಿಡಿ. ನಿಮಗೆ ಬೇಕಾದ ಕೆಲಸದ ಹಳೆಯ ನೇಮಕಾತಿ ಅಧಿಸೂಚನೆಯ ಪಿಡಿಎಫ್ ಡೌನ್‌ಲೋಡ್ ಮಾಡಿ, "ವಿದ್ಯಾರ್ಹತೆ" ಅನ್ನುವ ಕಾಲಂ ಒಂದನ್ನೇ ಓದಿ. ಅಲ್ಲಿ ಅರ್ಧ ಉತ್ತರ ಸಿಗುತ್ತದೆ.

ಪೊಲೀಸ್ ಕಾನ್‌ಸ್ಟೆಬಲ್ ಆಗಲು ಪಿಯುಸಿ ಸಾಕು. ಪಿಎಸ್‌ಐ, ಅಂದರೆ ಸಬ್ ಇನ್‌ಸ್ಪೆಕ್ಟರ್ ಆಗಲು ಡಿಗ್ರಿ ಬೇಕು. ಗ್ರಾಮ ಆಡಳಿತ ಅಧಿಕಾರಿಗೆ, ಅಂದರೆ ನಾವು ಇವತ್ತಿಗೂ ವಿಎ ಅನ್ನುವವರಿಗೆ, ಪಿಯುಸಿ. ಅದೇ ಪಂಚಾಯತಿಯ ಅಭಿವೃದ್ಧಿ ಅಧಿಕಾರಿ ಪಿಡಿಒಗೆ ಡಿಗ್ರಿ. ಸರ್ಕಾರಿ ಕಚೇರಿಯ ದ್ವಿತೀಯ ದರ್ಜೆ ಸಹಾಯಕ ಎಸ್‌ಡಿಎಗೆ ಪಿಯುಸಿ, ಪ್ರಥಮ ದರ್ಜೆ ಸಹಾಯಕ ಎಫ್‌ಡಿಎಗೆ ಡಿಗ್ರಿ. ಅಂಚೆ ಇಲಾಖೆಯ ಗ್ರಾಮೀಣ ಡಾಕ್ ಸೇವಕ್ ಕೆಲಸಕ್ಕೆ ಪರೀಕ್ಷೆಯೇ ಇಲ್ಲ, ಎಸ್‌ಎಸ್‌ಎಲ್‌ಸಿ ಅಂಕದ ಮೇಲೆ ಆಯ್ಕೆ. ಬ್ಯಾಂಕ್ ಕ್ಲರ್ಕ್‌ಗೆ ಐಬಿಪಿಎಸ್ ಪರೀಕ್ಷೆ, ಅದಕ್ಕೆ ಡಿಗ್ರಿ ಇಲ್ಲದೆ ಅರ್ಜಿಯೇ ಹಾಕಲಾಗದು. ಕೆಎಎಸ್‌ಗೂ ಹಾಗೇ.

ಇದರಲ್ಲಿ ಒಂದು ವಿಷಯ ಗಮನಿಸಿ. ಪಿಡಿಒ, ಬ್ಯಾಂಕು, ಕೆಎಎಸ್ ಇವೆಲ್ಲಾ ಕೇಳುವುದು "ಯಾವುದೇ ಪದವಿ". ಅಂಕೋಲಾದಲ್ಲಿ ಬಿ.ಎ. ಮಾಡಿದವರಿಗೂ ಬೆಂಗಳೂರಿನಲ್ಲಿ ಲಕ್ಷಗಟ್ಟಲೆ ಕೊಟ್ಟು ಬಿಬಿಎ ಮಾಡಿದವರಿಗೂ ಅಲ್ಲಿ ಒಂದೇ ಬೆಲೆ. ಹಾಗಿದ್ದಮೇಲೆ ಇಂಥ ಕೆಲಸವೇ ಗುರಿ ಆದವರು ಸುಲಭವಾಗಿ, ಹತ್ತಿರದಲ್ಲಿ, ಅಗ್ಗದಲ್ಲಿ ಡಿಗ್ರಿ ಮುಗಿಸಿ, ಉಳಿದ ಹೊತ್ತನ್ನು ಪರೀಕ್ಷೆಯ ತಯಾರಿಗೆ ಹಾಕುವುದೇ ಜಾಣತನ ಅಲ್ವಾ? ಡಿಗ್ರಿ ಪೂರ್ತಿ ಮುಗಿಸಿ ಆಮೇಲೆ ಧಾರವಾಡಕ್ಕೆ ಕೋಚಿಂಗ್‌ಗೆ ಹೋಗಿ ರೂಮು ಮಾಡಿ ಕೂರುವವರನ್ನು ನೋಡಿದಾಗ, ಆ ಮೂರು ವರ್ಷ ಏನು ಮಾಡುತ್ತಿದ್ದರು ಅನ್ನಿಸುತ್ತದೆ.

ಇನ್ನು ನಮ್ಮ ಜಿಲ್ಲೆಯ ದೊಡ್ಡ ಉದ್ಯೋಗದಾತರ ಕಥೆ ಬೇರೆ. ಕೈಗಾದಲ್ಲಿ 220 ಮೆಗಾವಾಟ್‌ನ 4 ಘಟಕ ನಡೆಯುತ್ತಿವೆ, 700 ಮೆಗಾವಾಟ್‌ನ ಇನ್ನೆರಡು ಬರುತ್ತಿವೆ. ಅಣು ವಿದ್ಯುತ್ ನಿಗಮದವರು ಸ್ಟೈಪೆಂಡ್ ಕೊಟ್ಟು ತರಬೇತಿಗೆ ತೆಗೆದುಕೊಳ್ಳುವಾಗ ಎರಡು ದರ್ಜೆ ಮಾಡುತ್ತಾರೆ. ಐಟಿಐ ಅಥವಾ ವಿಜ್ಞಾನದ ಪಿಯುಸಿ ಆದವರು ಟೆಕ್ನಿಷಿಯನ್ ಕಡೆ. ಡಿಪ್ಲೊಮಾ ಅಥವಾ ಬಿ.ಎಸ್ಸಿ. ಆದವರು ಸೈಂಟಿಫಿಕ್ ಅಸಿಸ್ಟೆಂಟ್ ಕಡೆ, ಅದೂ 60% ಇದ್ದರೆ ಮಾತ್ರ. 55ರಲ್ಲಿ ಪಾಸಾದ ಬಿ.ಎಸ್ಸಿ. ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಕಾರವಾರದ ನೌಕಾನೆಲೆಯಲ್ಲಿರುವ ಹಡಗು ದುರಸ್ತಿ ಯಾರ್ಡ್ ಅಪ್ರೆಂಟಿಸ್ ತೆಗೆದುಕೊಳ್ಳುವಾಗ ಕೇಳುವುದು ಐಟಿಐ. ಫಿಟ್ಟರ್, ವೆಲ್ಡರ್, ಎಲೆಕ್ಟ್ರಿಷಿಯನ್ ಇಂಥ ಟ್ರೇಡ್‌ಗಳು. ಅಲ್ಲಿ ಬಿ.ಎ. ಸರ್ಟಿಫಿಕೇಟಿಗೆ ಕೆಲಸವಿಲ್ಲ. ಗೋವಾದ ವೆರ್ಣಾದ ಔಷಧ ಕಂಪನಿಗಳಿಗೆ ಹೋಗಬೇಕು ಅಂತಿದ್ದರೆ ಕೆಮಿಸ್ಟ್ರಿ ಇರುವ ಬಿ.ಎಸ್ಸಿ. ಉಪಯೋಗಕ್ಕೆ ಬರುತ್ತದೆ. ಭಟ್ಕಳದ ಕಡೆಯಿಂದ ದುಬೈಗೆ ಹೋಗುವವರಿಗೆ ಗೊತ್ತೇ ಇದೆ, ಒಳ್ಳೆಯ ದರ್ಜೆಯ ವೀಸಾಕ್ಕೆ ಡಿಗ್ರಿ ಸರ್ಟಿಫಿಕೇಟನ್ನು ಅಟೆಸ್ಟ್ ಮಾಡಿಸಿ ಕೊಡಬೇಕು.

ನಮ್ಮ ಮಣ್ಣಿಗೆ ಹೊಂದುವ ಎರಡು ಡಿಗ್ರಿ

ಇದನ್ನು ಸ್ವಲ್ಪ ಉದ್ದ ಹೇಳುತ್ತೇನೆ, ಯಾಕಂದರೆ ನಮ್ಮ ಮಕ್ಕಳಿಗೆ ಇದು ಗೊತ್ತಿರುವುದೇ ಕಡಿಮೆ.

ಶಿರಸಿಯಲ್ಲಿ ಅರಣ್ಯ ಕಾಲೇಜು ಇದೆ, ಧಾರವಾಡ ಕೃಷಿ ವಿಶ್ವವಿದ್ಯಾಲಯದ್ದು. ರಾಜ್ಯದಲ್ಲಿ ಇಂಥದ್ದು ಇನ್ನೊಂದು ಇರುವುದು ಪೊನ್ನಂಪೇಟೆಯಲ್ಲಿ. ಬಿ.ಎಸ್ಸಿ. ಫಾರೆಸ್ಟ್ರಿ ನಾಲ್ಕು ವರ್ಷದ ಕೋರ್ಸು, ರಾಜ್ಯದ ಪ್ರವೇಶ ಪರೀಕ್ಷೆ ಕೆಸಿಇಟಿ ಮೂಲಕ ಸೀಟು. ವಲಯ ಅರಣ್ಯಾಧಿಕಾರಿ ನೇಮಕಾತಿಯಲ್ಲಿ ಫಾರೆಸ್ಟ್ರಿ ಓದಿದವರಿಗೆ ಪ್ರತ್ಯೇಕ ಪಾಲು ಇಡುತ್ತಾರೆ. ಅದೇ ರೀತಿ ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕಾ ಕಾಲೇಜು ಇದೆ, ಅಲ್ಲಿ ಬಿ.ಎಫ್.ಎಸ್ಸಿ., ಅಂದರೆ ಮೀನುಗಾರಿಕೆಯ ಡಿಗ್ರಿ, ಅದೂ ನಾಲ್ಕು ವರ್ಷ. ಬೈತಖೋಲ, ತದಡಿ, ಹೊನ್ನಾವರದ ಕಾಸರಕೋಡಿನಲ್ಲಿ ದೋಣಿ ಇಟ್ಟ ಮನೆಯ ಮಕ್ಕಳು ಸೈನ್ಸ್ ಓದಿದ್ದರೆ ಇದನ್ನು ಒಮ್ಮೆ ನೋಡಲೇಬೇಕು. ಇದಕ್ಕೂ ಕಾರವಾರದ ಕೋಡಿಬಾಗದಲ್ಲಿರುವ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗಕ್ಕೂ ಗೊಂದಲ ಮಾಡಿಕೊಳ್ಳಬೇಡಿ. ಅಲ್ಲಿರುವುದು ಡಿಗ್ರಿ ಆದಮೇಲಿನ ಎಂ.ಎಸ್ಸಿ. ಓದು, ಸಂಶೋಧನೆಯ ಆಸೆ ಇದ್ದವರಿಗೆ.

ಈ ಕೃಷಿ ಸಂಬಂಧಿ ಕೋರ್ಸುಗಳಿಗೆ ರೈತರ ಮಕ್ಕಳಿಗೆ ಬೇರೆಯೇ ಕೋಟಾ ಇದೆ. ಜಮೀನಿನ ದಾಖಲೆ, ಆದಾಯದ ಷರತ್ತು ಇರುತ್ತದೆ. ಅದರ ಜೊತೆ ಒಂದು ಪ್ರಾಯೋಗಿಕ ಪರೀಕ್ಷೆ. ಮುಂದೆ ಇಟ್ಟ ಬೀಜ ಯಾವುದು, ಗೊಬ್ಬರ ಯಾವುದು, ಸಲಕರಣೆ ಯಾವುದು ಅಂತ ಗುರುತಿಸಬೇಕು. ತೋಟದಲ್ಲೇ ಬೆಳೆದವರಿಗೆ ಸುಲಭ ಅನ್ನಿಸಬಹುದು, ಆದರೆ ಅಡಿಕೆ, ಕಾಳುಮೆಣಸು, ಬಾಳೆ ಬಿಟ್ಟು ಬೇರೆ ನೋಡದ ನಮ್ಮ ಮಲೆನಾಡಿನ ಮಕ್ಕಳು ಅಲ್ಲಿ ಜೋಳ, ಸಜ್ಜೆ, ಕುಸುಬೆ ಮುಂದೆ ನಿಂತು ತಲೆ ಕೆರೆದುಕೊಳ್ಳುತ್ತಾರೆ. ಮೊದಲೇ ಹುಬ್ಬಳ್ಳಿ ಕಡೆಯ ಯಾವುದಾದರೂ ಬೀಜದ ಅಂಗಡಿಯಲ್ಲಿ ಒಂದು ಸುತ್ತು ಹಾಕಿ ಬನ್ನಿ.

ದುಡ್ಡಿನ ಲೆಕ್ಕ ಕಾಗದದ ಮೇಲೆ ಬರೆಯಿರಿ

ಮನಸ್ಸಲ್ಲಿ ಹಾಕುವ ಲೆಕ್ಕ ಯಾವಾಗಲೂ ಕಡಿಮೆಯೇ ಬರುತ್ತದೆ. ನೋಟ್‌ಬುಕ್ಕಿನಲ್ಲಿ ಬರೆಯಿರಿ.

ಬೆಂಗಳೂರಿನಲ್ಲಿ ಪಿಜಿ ಊಟ ಸೇರಿ ತಿಂಗಳಿಗೆ 8 ಸಾವಿರ ಅಂತ ಇಟ್ಟುಕೊಳ್ಳಿ. ವರ್ಷಕ್ಕೆ 10 ತಿಂಗಳು, ಎಂಜಿನಿಯರಿಂಗ್‌ನಂಥ ಕೋರ್ಸಾದರೆ ನಾಲ್ಕು ವರ್ಷ. ಫೀಸಿನ ಮಾತು ಬರುವ ಮೊದಲೇ 3 ಲಕ್ಷ 20 ಸಾವಿರ ಹೋಯಿತು. ಫೀಸಿಗೆ ಅಂತ 4 ಲಕ್ಷ ಸಾಲ ಮಾಡಿದರೆ, 10% ಬಡ್ಡಿಯಲ್ಲಿ ಐದು ವರ್ಷದಲ್ಲಿ ತೀರಿಸಲು ತಿಂಗಳ ಕಂತು ಸುಮಾರು 8,500 ರೂಪಾಯಿ. ಓದುವಾಗ ಕಟ್ಟದೆ ಬಿಟ್ಟ ಬಡ್ಡಿ ಇದರ ಮೇಲೆ. ಶಿಕ್ಷಣ ಸಾಲದಲ್ಲಿ ಸಾಮಾನ್ಯವಾಗಿ ಕೋರ್ಸ್ ಮುಗಿದು ಒಂದು ವರ್ಷದ ತನಕ ಕಂತು ಕೇಳುವುದಿಲ್ಲ. ಆ ವರ್ಷ ಬೇಗ ಕಳೆಯುತ್ತದೆ. 18 ಸಾವಿರ ಸಂಬಳದ ಮೊದಲ ಕೆಲಸದಲ್ಲಿ ಪಿಜಿ, ಕಂತು, ಓಡಾಟ ಮೂರನ್ನೂ ಕಳೆದು ನೋಡಿ. ಉಳಿಯುವುದು ಎಷ್ಟು ಅಂತ ನೀವೇ ಬರೆಯಿರಿ. ವೃತ್ತಿಪರ ಕೋರ್ಸಿಗೆ ಸೇರುವವರ ಮನೆಯ ವರ್ಷದ ಆದಾಯ 4.5 ಲಕ್ಷದ ಒಳಗಿದ್ದರೆ ಓದಿನ ಅವಧಿಯ ಬಡ್ಡಿಗೆ ಕೇಂದ್ರದ ಸಹಾಯಧನ ಇದೆ, ಬ್ಯಾಂಕಿನವರು ತಾವಾಗಿ ಹೇಳುತ್ತಾರೆ ಅಂತ ಕಾಯಬೇಡಿ.

ಇನ್ನೊಂದು ಖರ್ಚನ್ನು ಯಾರೂ ಬರೆಯುವುದಿಲ್ಲ. ಮೂರು ವರ್ಷ ತಿಂಗಳಿಗೆ 12 ಸಾವಿರದ ಕೆಲಸ ಮಾಡಿದ್ದರೆ 4 ಲಕ್ಷ 32 ಸಾವಿರ ಬರುತ್ತಿತ್ತು. ಡಿಗ್ರಿಗೆ ಹೋದರೆ ಅದು ಬರುವುದಿಲ್ಲ, ಅಷ್ಟೇ.

ಊರಲ್ಲೇ ಓದುವವರ ಲೆಕ್ಕ ನೋಡಿ. ಸರ್ಕಾರಿ ಕಾಲೇಜಿನ ಫೀಸು ಕಡಿಮೆ. ಹುಡುಗಿಯರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸು ಉಚಿತ, ಹುಡುಗರಿಗೆ ವಿದ್ಯಾರ್ಥಿ ಪಾಸು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆ ವಿದ್ಯಾಸಿರಿಯಲ್ಲಿ ತಿಂಗಳಿಗೆ ಇಷ್ಟು ಅಂತ ಹತ್ತು ತಿಂಗಳು ಹಣ ಕೊಡುತ್ತಾರೆ. ಅರ್ಜಿ ಹಾಕಿದ ಎಲ್ಲರಿಗೂ ಸಿಗುತ್ತದೆ ಅಂತಲ್ಲ. 2021ರಲ್ಲಿ ಶುರುವಾದ ರೈತ ವಿದ್ಯಾನಿಧಿಯಲ್ಲಿ ಡಿಗ್ರಿ ಹುಡುಗರಿಗೆ ವರ್ಷಕ್ಕೆ 5,000, ಹುಡುಗಿಯರಿಗೆ 5,500 ಅಂತ ನಿಗದಿ ಮಾಡಿದ್ದರು. ಈ ವರ್ಷ ಹಣ ಬರುತ್ತಿದೆಯಾ ಅಂತ ಸೀನಿಯರ್‌ಗಳನ್ನು ಕೇಳಿ, ಆಮೇಲೆ ಲೆಕ್ಕಕ್ಕೆ ಹಿಡಿಯಿರಿ. ಸ್ಕಾಲರ್‌ಶಿಪ್ ಬಂದ ಮೇಲೆ ಬಂತು ಅನ್ನಬೇಕು, ಬರುವ ಮೊದಲು ಅಲ್ಲ.

ಅವಧಿಯ ಬಗ್ಗೆ ಒಂದು ಮಾತು. 2021ರಲ್ಲಿ ಬಂದಿದ್ದ ನಾಲ್ಕು ವರ್ಷದ ಡಿಗ್ರಿ ಪದ್ಧತಿಯನ್ನು ರಾಜ್ಯ ಸರ್ಕಾರ 2024-25ರಿಂದ ಕೈಬಿಟ್ಟಿದೆ. ಬಿ.ಎ., ಬಿ.ಕಾಂ., ಬಿ.ಎಸ್ಸಿ. ಮತ್ತೆ ಮೂರೇ ವರ್ಷ.

ಡಿಗ್ರಿ ಒಂದರಿಂದಲೇ ಕೆಲಸ ಸಿಗುತ್ತದೆ ಅನ್ನುವ ಭ್ರಮೆ ಇದ್ದರೆ ಯುವನಿಧಿ ನೆನಪಿಸಿಕೊಳ್ಳಿ. ಡಿಗ್ರಿ ಮುಗಿಸಿ 180 ದಿನ ಕೆಲಸ ಸಿಗದವರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಎರಡು ವರ್ಷದ ತನಕ. ಡಿಗ್ರಿ ಆದವರು ಖಾಲಿ ಕೂತಿದ್ದಾರೆ ಅಂತ ಸರ್ಕಾರಕ್ಕೇ ಗೊತ್ತಿದ್ದದ್ದಕ್ಕೆ ಇಂಥ ಯೋಜನೆ ಬಂತು.

ಕಾಲೇಜು ನೋಡದೆ ಸೇರಬೇಡಿ

ಕಾರವಾರದಿಂದ ಭಟ್ಕಳದ ತನಕ, ಮೇಲೆ ಶಿರಸಿ, ಸಿದ್ದಾಪುರದಲ್ಲೂ ಸಾಮಾನ್ಯ ಡಿಗ್ರಿ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕೆಳಗೆ ಬರುತ್ತವೆ. ಎಲ್ಲಿ ಓದಿದರೂ ಮಾರ್ಕ್ಸ್‌ಕಾರ್ಡಿನ ಮೇಲೆ ಅದೇ ಹೆಸರು. ಹಾಗಾಗಿ ಕಟ್ಟಡದ ಚಂದ ನೋಡಬೇಡಿ, ಪಾಠ ಮಾಡುವವರು ಯಾರು ಅಂತ ನೋಡಿ. ಒಂದು ಮಧ್ಯಾಹ್ನ ಹೋಗಿ ಕೊನೆಯ ವರ್ಷದವರನ್ನು ಕ್ಯಾಂಟೀನ್ ಹತ್ತಿರ ಹಿಡಿದು ಕೇಳಿ: ಕಾಯಂ ಲೆಕ್ಚರರ್ ಎಷ್ಟು ಜನ, ಅತಿಥಿ ಉಪನ್ಯಾಸಕರು ಎಷ್ಟು, ಅವರು ಬರಲು ಶುರು ಮಾಡಿದ್ದು ಯಾವ ತಿಂಗಳು, ಲ್ಯಾಬಿನ ಬಾಗಿಲು ವಾರಕ್ಕೆ ಎಷ್ಟು ಸಲ ತೆಗೆಯುತ್ತದೆ, ಹೋದ ವರ್ಷ ಮುಗಿಸಿದವರು ಈಗ ಎಲ್ಲಿದ್ದಾರೆ. ಪ್ರಿನ್ಸಿಪಾಲರು ಹೇಳುವುದಕ್ಕಿಂತ ಅವರು ಹೇಳುವುದು ಸಾಚಾ ಇರುತ್ತದೆ.

ಎಂಜಿನಿಯರಿಂಗ್ ಆದರೆ ಸ್ವಲ್ಪ ಬೇರೆ. ಕೆಸಿಇಟಿಯಲ್ಲಿ ರ‍್ಯಾಂಕ್ ಚೆನ್ನಾಗಿ ಬಂದು ಒಳ್ಳೆಯ ಕಾಲೇಜಿನಲ್ಲಿ ಸರ್ಕಾರಿ ಸೀಟು ಸಿಕ್ಕರೆ ಬೆಂಗಳೂರೋ ಮೈಸೂರೋ ಹೋಗಿಬಿಡಿ, ಅಲ್ಲಿಗೆ ಕಂಪನಿಗಳು ಬರುತ್ತವೆ. ರ‍್ಯಾಂಕ್ ಸಾಧಾರಣ ಇದ್ದರೆ ದುಡ್ಡು ಕೊಟ್ಟು ಸಾಧಾರಣ ಕಾಲೇಜಿಗೆ ಹೋಗುವ ಬದಲು ಮಾಜಾಳಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜನ್ನು ಆಯ್ಕೆ ಪಟ್ಟಿಯಲ್ಲಿ ಮೇಲೆ ಹಾಕಿ.

ಬೇಡ ಅಂತ ತೀರ್ಮಾನಿಸಿದವರಿಗೆ

ಕಲಿತ ಕೈಗೆ ನಮ್ಮಲ್ಲಿ ಬೇಡಿಕೆ ಇದೆ. ಅಡಿಕೆ ಕೊಯ್ಲಿನ ಹೊತ್ತಿಗೆ ಮರ ಹತ್ತಿ ಕೊನೆ ಇಳಿಸುವ ಕೊನೆಗೌಡರು ಒಂದು ದಿನಕ್ಕೆ ಸಾವಿರದ ಮೇಲೆ ದುಡಿಯುತ್ತಾರೆ, ಆದರೂ ಜನ ಸಿಗುವುದಿಲ್ಲ. ಜೂನ್, ಜುಲೈ ಮೀನುಗಾರಿಕೆ ನಿಷೇಧದ ಎರಡು ತಿಂಗಳು ಬೋಟುಗಳೆಲ್ಲಾ ರಿಪೇರಿಗೆ ನಿಂತಿರುತ್ತವೆ, ಡೀಸೆಲ್ ಎಂಜಿನ್ ಬಿಚ್ಚಿ ಕಟ್ಟಲು ಬರುವವರಿಗೆ ಆಗ ಪುರುಸೊತ್ತೇ ಇರುವುದಿಲ್ಲ. ಆದರೆ ಇವೆಲ್ಲಾ ಸೀಸನ್ ಕೆಲಸ, ಮೈಯಲ್ಲಿ ಕಸುವು ಇರುವ ತನಕ. ನಲವತ್ತೈದು ದಾಟಿದ ಮೇಲೆ ಏನು ಅಂತಲೂ ಒಂದು ಸಾಲು ಬರೆದುಕೊಳ್ಳಿ.

ಐಟಿಐ ಹಿಡಿದರೆ ದಾರಿ ಅಲ್ಲಿಗೇ ಮುಗಿಯುವುದಿಲ್ಲ. ಐಟಿಐ ಮುಗಿಸಿ ಡಿಪ್ಲೊಮಾದ ಎರಡನೇ ವರ್ಷಕ್ಕೆ, ಡಿಪ್ಲೊಮಾ ಮುಗಿಸಿ ಡಿಸಿಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗಿನ ಎರಡನೇ ವರ್ಷಕ್ಕೆ ಸೇರಬಹುದು. ಕೆಲಸ ಮಾಡುತ್ತಲೇ ಒಂದು ಡಿಗ್ರಿ ಬೇಕು ಅನ್ನುವವರಿಗೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯ, ಇಗ್ನೋ ಇವೆ. ಸೇರುವ ಮೊದಲು ಆ ಕೋರ್ಸಿಗೆ ಆ ವರ್ಷ ಯುಜಿಸಿ ಮಾನ್ಯತೆ ಇದೆಯಾ ಅಂತ ಯುಜಿಸಿಯ ಪಟ್ಟಿಯಲ್ಲೇ ನೋಡಿ, ಏಜೆಂಟರ ಮಾತು ನಂಬಬೇಡಿ.

ಶಿರಸಿ, ಯಲ್ಲಾಪುರ ಕಡೆಯ ತೋಟದ ಮನೆಗಳಲ್ಲಿ ಇನ್ನೊಂದು ಲೆಕ್ಕ ನಡೆಯುತ್ತದೆ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮಾಣಿ, ಅಂದರೆ ಮನೆಯ ಹುಡುಗ, ಮನೆಯಲ್ಲೇ ತೋಟ ನೋಡಿಕೊಂಡಿದ್ದರೆ ಹೆಣ್ಣು ಸಿಗುವುದಿಲ್ಲ, ಅದಕ್ಕೇ ಡಿಗ್ರಿ. ಹೆಣ್ಣಿನ ಕಡೆಯವರು ಕೇಳುವುದು ಬೆಂಗಳೂರಿನ ಕೆಲಸವನ್ನು, ಸರ್ಟಿಫಿಕೇಟನ್ನಲ್ಲ, ಹಾಗಾಗಿ ಈ ಲೆಕ್ಕವೂ ಎಷ್ಟೋ ಸಲ ತಪ್ಪುತ್ತದೆ. ಮನೆಗೆ ವಾಪಸು ಬರುವ ಮನಸ್ಸು ನಿಜವಾಗಿ ಇರುವ ಹುಡುಗ ಬಿ.ಕಾಂ. ಓದಲಿ. ಅಡಿಕೆಗೆ ಕೊಳೆ, ಎಲೆಚುಕ್ಕೆ ರೋಗ ಬಂದ ವರ್ಷ ತೋಟದ ಜೊತೆಗೆ ಸೊಸೈಟಿಯಲ್ಲೋ ಊರಿನ ಅಂಗಡಿಯಲ್ಲೋ ಲೆಕ್ಕ ಬರೆಯುವ ಕೆಲಸ ಕೈ ಹಿಡಿಯುತ್ತದೆ.

ಕೊನೆಗೆ ಕಾಗದಪತ್ರ. ಜಾತಿ ಮತ್ತು ಆದಾಯ ಪ್ರಮಾಣಪತ್ರ ಮೇ ತಿಂಗಳಲ್ಲೇ ಮಾಡಿಸಿಡಿ, ಆದಾಯದ್ದಕ್ಕೆ ಐದು ವರ್ಷ ಅವಧಿ ಇರುತ್ತದೆ. ಆಧಾರ್‌ನಲ್ಲಿರುವ ಹೆಸರಿನ ಸ್ಪೆಲ್ಲಿಂಗೂ ಎಸ್‌ಎಸ್‌ಎಲ್‌ಸಿ ಕಾರ್ಡಿನದ್ದೂ ಒಂದೇ ಇರಬೇಕು. ಬ್ಯಾಂಕ್ ಖಾತೆ ಆಧಾರ್‌ಗೆ ಜೋಡಣೆ ಆಗಿರಬೇಕು, ಇಲ್ಲದಿದ್ದರೆ ಸ್ಕಾಲರ್‌ಶಿಪ್ ಮಂಜೂರಾಗಿಯೂ ಖಾತೆಗೆ ಬರುವುದಿಲ್ಲ. ಡಿಗ್ರಿ ಪ್ರವೇಶಕ್ಕೆ ಯುಯುಸಿಎಂಎಸ್, ಸ್ಕಾಲರ್‌ಶಿಪ್‌ಗೆ ಎಸ್‌ಎಸ್‌ಪಿ, ಎರಡೂ ಸರ್ಕಾರದ ಆನ್‌ಲೈನ್ ಪೋರ್ಟಲ್‌ಗಳು. ಜೂನ್ ಎರಡನೇ ವಾರ ಮಳೆ ಹಿಡಿಯಿತು ಅಂದರೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಅದಕ್ಕೂ ಮೊದಲೇ ಮುಗಿಸಿ.